ಸೇತುವೆಯ ಆಚೆ ಸರ್ಕಾರ ಇಲ್ಲ: ಜೋಖಾವ್ತಾರ್ ಗಡಿಯ ಲೆಕ್ಕಾಚಾರ

ಮಿಜೋರಾಂನ ಚಂಫಾಯ್ ಜಿಲ್ಲೆಯ ಪೂರ್ವದ ಅಂಚಿನಲ್ಲಿ ತಿಯಾವ್ ಅನ್ನೋ ಹೊಳೆ ಹರಿಯುತ್ತದೆ. ಈಚೆ ದಡದಲ್ಲಿ ಭಾರತದ ಜೋಖಾವ್ತಾರ್. ಆಚೆ ದಡದಲ್ಲಿ ಮ್ಯಾನ್ಮಾರ್‌ನ ಖಾವ್‌ಮಾವಿ, ಅದರ ಬೆನ್ನಿಗೇ ರಿಹ್‌ಖಾವ್‌ದಾರ್. ನಡುವೆ ಸೇತುವೆ, ಸೇತುವೆಯ ಬಾಯಲ್ಲಿ ಗೇಟು, ಗೇಟಿನಲ್ಲಿ ಅಸ್ಸಾಂ ರೈಫಲ್ಸ್ ಯೋಧರು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುತ್ತದೆ. ಬೇಸಿಗೆ ಬಂದರೆ ಸೇತುವೆಯ ಹಂಗೇ ಬೇಡ, ಪ್ಯಾಂಟು ಮಡಚಿಕೊಂಡು ನೀರಿಗಿಳಿದು ದಾಟಬಹುದು.

ನಮ್ಮಲ್ಲಿ ಗಡಿ ಅಂದರೆ ಬೆಳಗಾವಿ, ಕಾಸರಗೋಡು. ಗೆರೆಯ ಎರಡೂ ಕಡೆ ಒಂದೇ ದೇಶ. ಜೋಖಾವ್ತಾರ್‌ನಲ್ಲಿ ಇದು ತಿರುಗುಮುರುಗು. ಎರಡು ಕಡೆ ಎರಡು ದೇಶ, ಆದರೆ ಜನ ಒಂದೇ. ಈಚೆಯವರನ್ನು ಮಿಜೋ ಅನ್ನುತ್ತಾರೆ, ಆಚೆಯವರನ್ನು ಚಿನ್ ಅನ್ನುತ್ತಾರೆ. ಭಾಷೆ ಹತ್ತಿರದ್ದು, ಹೋಗುವ ಚರ್ಚು ಒಂದೇ ಥರದ್ದು, ಮದುವೆ ಸಂಬಂಧಗಳು ಹೊಳೆ ದಾಟಿ ನಡೆಯುತ್ತವೆ. ಅಂಗಡಿಗಳಲ್ಲಿ ರೂಪಾಯಿಯೂ ನಡೆಯುತ್ತದೆ, ಮ್ಯಾನ್ಮಾರ್‌ನ ಹಣ ಕ್ಯಾಟ್ ಕೂಡ ನಡೆಯುತ್ತದೆ.

ಈ ಗಡಿಗೆ ಬೇಲಿ ಹಾಕಬೇಕು ಅನ್ನೋದು ದೆಹಲಿಯ ಈಗಿನ ನಿಲುವು. 2024ರ ಫೆಬ್ರವರಿ 6ರಂದು ಗೃಹ ಸಚಿವ ಅಮಿತ್ ಶಾ ಭಾರತ-ಮ್ಯಾನ್ಮಾರ್ ಗಡಿಯ ಪೂರ್ತಿ 1,643 ಕಿಲೋಮೀಟರ್‌ಗೂ ಬೇಲಿ ಹಾಕುತ್ತೇವೆ ಎಂದರು. ಎರಡೇ ದಿನ ಬಿಟ್ಟು, ಗಡಿಯ ಜನ ವೀಸಾ ಇಲ್ಲದೆ ಓಡಾಡುತ್ತಿದ್ದ ಮುಕ್ತ ಸಂಚಾರ ವ್ಯವಸ್ಥೆಯನ್ನು ರದ್ದು ಮಾಡುತ್ತೇವೆ ಎಂದರು. ಅದೇ ತಿಂಗಳ 28ಕ್ಕೆ ಮಿಜೋರಾಂ ವಿಧಾನಸಭೆ ಎರಡನ್ನೂ ವಿರೋಧಿಸಿ ನಿರ್ಣಯ ಮಾಡಿತು. ಎರಡೇ ದಿನಕ್ಕೆ, ಮಾರ್ಚ್ 1ರಂದು, ನಾಗಾಲ್ಯಾಂಡ್ ಕೂಡ ಅದೇ ದಾರಿ ಹಿಡಿಯಿತು. ರಾಷ್ಟ್ರೀಯ ಭದ್ರತೆಯ ವಿಷಯದಲ್ಲಿ ಎರಡು ರಾಜ್ಯಗಳ ವಿಧಾನಸಭೆಗಳು ಕೇಂದ್ರಕ್ಕೆ ಹೀಗೆ ಎದುರು ನಿಲ್ಲೋದು ದಿನಾ ನಡೆಯುವ ಮಾತಲ್ಲ.

ವಿರೋಧಿಸಿದವರನ್ನು ಭಾವುಕರು ಅಂತ ತಳ್ಳಿಹಾಕೋದು ಸುಲಭ. ಬೇಲಿ ಬೇಕು ಅನ್ನುವವರನ್ನು ಕಲ್ಲುಮನಸ್ಸಿನವರು ಅನ್ನೋದೂ ಅಷ್ಟೇ ಸುಲಭ. ನನಗೆ ಎರಡೂ ಮುಖ್ಯ ಅನ್ನಿಸುವುದಿಲ್ಲ. ಈ ನೀತಿ ಯಾವ ಸಮಸ್ಯೆಗೆ ಮದ್ದು, ಆ ಸಮಸ್ಯೆ ಜೋಖಾವ್ತಾರ್‌ನ ಗೇಟಿನಲ್ಲಿ ನಿಜಕ್ಕೂ ಇದೆಯಾ? ನೋಡಬೇಕಾದ್ದು ಇದನ್ನು.

ಗೆರೆ ಬಂದ ಬಗೆ

ಈ ಬೆಟ್ಟಗಳನ್ನು ಬ್ರಿಟಿಷರು 1889-90ರ ಚಿನ್-ಲುಶಾಯ್ ದಂಡಯಾತ್ರೆಯಲ್ಲಿ ಹಿಡಿತಕ್ಕೆ ತಂದರು. 1892ರಲ್ಲಿ ಕಲ್ಕತ್ತಾದಲ್ಲಿ ಅವರದೇ ಅಧಿಕಾರಿಗಳು ಸಭೆ ಸೇರಿ, ಇಡೀ ಬೆಟ್ಟಸಾಲು ಒಬ್ಬರ ಆಡಳಿತದಲ್ಲಿ ಇದ್ದರೆ ಒಳ್ಳೆಯದು ಎಂದು ಅಭಿಪ್ರಾಯಪಟ್ಟಿದ್ದರು. ಆದರೆ ಅದು ನಡೆಯಲಿಲ್ಲ. ಲುಶಾಯ್ ಬೆಟ್ಟ (ಈಗಿನ ಮಿಜೋರಾಂ) ಅಸ್ಸಾಂ ಪಾಲಾಯಿತು, ಚಿನ್ ಬೆಟ್ಟ ಬರ್ಮಾ (ಈಗಿನ ಮ್ಯಾನ್ಮಾರ್) ಪಾಲಾಯಿತು. ಆಗ ಬರ್ಮಾ ಕೂಡ ಬ್ರಿಟಿಷ್ ಭಾರತದ ಒಂದು ಪ್ರಾಂತ್ಯ. ಹಾಗಾಗಿ ತಿಯಾವ್ ಹೊಳೆ ಎರಡು ಜಿಲ್ಲೆಗಳ ನಡುವಿನ ಗೆರೆಗಿಂತ ಜಾಸ್ತಿ ಏನೂ ಆಗಿರಲಿಲ್ಲ. 1937ರಲ್ಲಿ ಬರ್ಮಾವನ್ನು ಬೇರೆ ಮಾಡಿದರು. ಜನ ಎಲ್ಲಿದ್ದರೋ ಅಲ್ಲೇ ಇದ್ದರು, ಜಿಲ್ಲೆಯ ಗಡಿ ದೇಶದ ಗಡಿಯಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಎರಡೂ ಸರ್ಕಾರಗಳಿಗೆ ಈ ತೊಡಕು ಗೊತ್ತಿತ್ತು. ಶುರುವಿನಲ್ಲೇ ಬೆಟ್ಟದ ಬುಡಕಟ್ಟು ಜನ ಗಡಿಯಿಂದ 40 ಕಿಲೋಮೀಟರ್ ಒಳಗೆ ಪಾಸ್‌ಪೋರ್ಟ್ ಇಲ್ಲದೆ ಓಡಾಡಬಹುದು ಅಂತ ಇಟ್ಟಿದ್ದರು. 1968ರಲ್ಲಿ ಪರ್ಮಿಟ್ ಬಂತು. 2004ರಲ್ಲಿ 40 ಕಿಲೋಮೀಟರ್ ಹೋಗಿ 16 ಆಯಿತು. 2018ರಲ್ಲಿ ಎರಡೂ ದೇಶ ಹೊಸ ಒಪ್ಪಂದಕ್ಕೆ ಸಹಿ ಹಾಕಿ, ಒಂದು ವರ್ಷ ನಡೆಯುವ ಪಾಸು ಕೊಟ್ಟರು. ಒಮ್ಮೆ ಹೋದರೆ ಎರಡು ವಾರ ಇರಬಹುದಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಜೋಖಾವ್ತಾರ್-ರಿಹ್‌ಖಾವ್‌ದಾರ್ ಅನ್ನು ಪಾಸ್‌ಪೋರ್ಟ್, ವೀಸಾ ಇರುವ ಯಾರೇ ಆದರೂ ದಾಟಬಹುದಾದ ಅಂತರರಾಷ್ಟ್ರೀಯ ದ್ವಾರ ಎಂದು ತೆರೆದರು. ಆಗ ಎಲ್ಲರ ಬಾಯಲ್ಲೂ ಪೂರ್ವದ ದೇಶಗಳ ಜೊತೆ ನಂಟು ಬೆಳೆಸುವ ಆಕ್ಟ್ ಈಸ್ಟ್ ನೀತಿ. ಇದೇ ಗೇಟು ಆಗ್ನೇಯ ಏಷ್ಯಾದ ಹೆಬ್ಬಾಗಿಲು ಅಂತ ಭಾಷಣಗಳಾದವು. ಎರಡೇ ವರ್ಷಕ್ಕೆ ಕೋವಿಡ್ ಬಂದು ಬಾಗಿಲು ಹಾಕಿತು.

ಈ ಇಡೀ ಪಟ್ಟಿಯಲ್ಲಿ ದೂರ ಕಡಿಮೆಯಾಗುತ್ತಾ ಬಂದಿದೆ, ಕಾಗದ ಜಾಸ್ತಿಯಾಗುತ್ತಾ ಬಂದಿದೆ. ಆದರೂ ಒಂದು ವಿಷಯ ಬದಲಾಗಿರಲಿಲ್ಲ. ಇವೆಲ್ಲ ಎರಡು ಸರ್ಕಾರಗಳು ಸೇರಿ ಮಾಡಿಕೊಂಡ ನಿಯಮಗಳು. ಈಚೆ ಪಾಸು ಕೊಡೋಕೆ ಒಬ್ಬ ಅಧಿಕಾರಿ, ಆಚೆ ಅದನ್ನು ನೋಡಿ ಒಳಗೆ ಬಿಡೋಕೆ ಇನ್ನೊಬ್ಬ ಅಧಿಕಾರಿ.

ಮಿಜೋಗಳಲ್ಲಿ ಒಂದು ಚಟಾಕಿ ಇದೆ. ಮಿಜೋರಾಂನ ಅತಿ ದೊಡ್ಡ ಕೆರೆ ಎಲ್ಲಿದೆ ಅಂದರೆ ಬರ್ಮಾದಲ್ಲಿ! ಆ ಕೆರೆಯೇ ರಿಹ್ ದಿಲ್. ಸೇತುವೆ ದಾಟಿ ಮೂರು ಕಿಲೋಮೀಟರ್ ಹೋದರೆ ಸಿಗುತ್ತದೆ. ಸತ್ತವರ ಆತ್ಮಗಳು ಪರಲೋಕಕ್ಕೆ ಹೋಗುವಾಗ ಈ ಕೆರೆಯ ದಾರಿಯಲ್ಲೇ ಹೋಗುತ್ತವೆ ಅನ್ನೋದು ಅವರ ಹಳೆಯ ನಂಬಿಕೆ. ಈಗ ಎಲ್ಲರೂ ಕ್ರೈಸ್ತರೇ, ಆದರೂ ರಾಜಧಾನಿ ಐಜ್ವಾಲ್‌ನಿಂದ ಬರುವ ಪ್ರವಾಸಿಗಳು ಅದನ್ನು ನೋಡದೆ ಹೋಗುತ್ತಿರಲಿಲ್ಲ. ಜೋಖಾವ್ತಾರ್‌ನ ಹೋಟೆಲು, ಟ್ಯಾಕ್ಸಿ, ಅಂಗಡಿಗಳಿಗೆ ಈ ಕೆರೆ ಅಂದರೆ ದುಡಿಮೆ.

ಆಚೆ ದಡ ಕೈ ಬದಲಾದದ್ದು

2021ರ ಫೆಬ್ರವರಿ 1ರಂದು ಮ್ಯಾನ್ಮಾರ್ ಸೇನೆ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿತು. ಚಿನ್ ರಾಜ್ಯದಲ್ಲಿ ಜನ ಬಂದೂಕು ಹಿಡಿದರು. ಸೇನೆ ವಿಮಾನದಿಂದ ಬಾಂಬ್ ಹಾಕಿತು. ಮಿಜೋರಾಂಗೆ ಬಂದ ನಿರಾಶ್ರಿತರ ಸಂಖ್ಯೆ ಮೂವತ್ತು ಸಾವಿರ ದಾಟಿತು. ರಾಜ್ಯದ ಜನಸಂಖ್ಯೆ 2011ರ ಗಣತಿಯಲ್ಲಿ ಹತ್ತಿರ ಹತ್ತಿರ 11 ಲಕ್ಷ. ಅಂದರೆ ನೂರು ಜನರ ಊರಿಗೆ ಮೂರು ಜನ ಹೊಸದಾಗಿ ಬಂದು ಸೇರಿದ ಹಾಗೆ.

2021ರ ಮಾರ್ಚ್ 10ರಂದು ಗೃಹ ಸಚಿವಾಲಯ ಗಡಿಯ ನಾಲ್ಕು ರಾಜ್ಯಗಳಿಗೆ ಪತ್ರ ಬರೆಯಿತು. ಒಳಗೆ ಬರುವವರನ್ನು ತಡೆಯಿರಿ, ರಾಜ್ಯ ಸರ್ಕಾರಕ್ಕೆ ಯಾರನ್ನೂ ನಿರಾಶ್ರಿತ ಎಂದು ಘೋಷಿಸುವ ಅಧಿಕಾರ ಇಲ್ಲ ಅಂತ ಅದರ ಸಾರ. ಕಾನೂನಿನ ಪ್ರಕಾರ ಮಾತು ಸರಿಯೇ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಆಗಿನ ಮುಖ್ಯಮಂತ್ರಿ ಜೋರಾಮ್‌ತಂಗ ಪ್ರಧಾನಿಗೆ ಪತ್ರ ಬರೆದು, ಇದು ನಮ್ಮಿಂದ ಆಗದ ಕೆಲಸ, ಅವರು ನಮ್ಮ ರಕ್ತ ಸಂಬಂಧಿಗಳು ಅಂದರು. ಜೋರಾಮ್‌ತಂಗ ಒಂದು ಕಾಲದಲ್ಲಿ ಭಾರತ ಸರ್ಕಾರದ ವಿರುದ್ಧದ ಮಿಜೋ ಬಂಡಾಯದಲ್ಲಿ ಇದ್ದವರು. 1966ರ ಮಾರ್ಚ್‌ನಲ್ಲಿ ಐಜ್ವಾಲ್ ಮೇಲೆ ನಮ್ಮ ವಾಯುಪಡೆಯೇ ಬಾಂಬ್ ಹಾಕಿದ ಕಾಲ ಅದು. ಆಗ ಹೊಳೆ ದಾಟಿ ಬರ್ಮಾ ಕಡೆಗೆ ಓಡಿದವರು ಮಿಜೋಗಳು. ಈ ನೆನಪು ಅಲ್ಲಿನ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಗಡಿಯ ಬಗ್ಗೆ ಅವರು ಮಾತಾಡುವಾಗ ಅದು ಒಳಗೊಳಗೇ ಕೆಲಸ ಮಾಡುತ್ತದೆ.

ಜೋಖಾವ್ತಾರ್ ಮಟ್ಟಿಗೆ ನಿಜವಾದ ತಿರುವು 2023ರ ನವೆಂಬರ್. ಆ ತಿಂಗಳ 12ರ ಸಂಜೆ ಚಿನ್ ಪಡೆಗಳು ಖಾವ್‌ಮಾವಿ, ರಿಹ್‌ಖಾವ್‌ದಾರ್‌ನ ಸೇನಾ ನೆಲೆಗಳ ಮೇಲೆ ದಾಳಿ ಮಾಡಿದವು. ಮಾರನೇ ದಿನ ಎರಡೂ ಅವರ ಕೈಗೆ ಬಂದವು. ಸಾವಿರಾರು ಜನ ಹೊಳೆ ದಾಟಿ ಜೋಖಾವ್ತಾರ್‌ಗೆ ಬಂದರು. ಅವರ ಹಿಂದೆಯೇ 40ಕ್ಕೂ ಹೆಚ್ಚು ಮ್ಯಾನ್ಮಾರ್ ಸೈನಿಕರೂ ಬಂದು ಮಿಜೋರಾಂ ಪೊಲೀಸರಿಗೆ ಶರಣಾದರು! ಅವರನ್ನು ಹೆಲಿಕಾಪ್ಟರ್‌ನಲ್ಲಿ ಮಣಿಪುರದ ಗಡಿ ಪಟ್ಟಣ ಮೋರೆಗೆ ಒಯ್ದು ಅಲ್ಲಿಂದ ಅವರ ದೇಶಕ್ಕೆ ಒಪ್ಪಿಸಿದರು. ಎದುರಿಗೇ ಇರುವ ಸೇತುವೆ ಬಿಟ್ಟು ಇಷ್ಟು ದೂರ ಯಾಕೆ? ಸೇತುವೆಯ ಆಚೆ ಅವರನ್ನು ಒಪ್ಪಿಸಿಕೊಳ್ಳೋಕೆ ಅವರ ಸರ್ಕಾರವೇ ಇರಲಿಲ್ಲ.

ನನ್ನ ಪ್ರಕಾರ ಇಡೀ ಚರ್ಚೆಯ ಗಂಟು ಇಲ್ಲಿದೆ. ಗಡಿ ನಿಯಮ ಅಂದರೆ ಎರಡು ಕೈ ಸೇರಿ ಆಗುವ ಚಪ್ಪಾಳೆ. ಜೋಖಾವ್ತಾರ್ ಎದುರಿನ ಕೈ 2023ರ ನವೆಂಬರ್‌ನಿಂದ ಇಲ್ಲ. ಇರುವುದು ಸ್ಥಳೀಯ ಚಿನ್ ಪಡೆಗಳು. ಅವರಲ್ಲೂ ಒಗ್ಗಟ್ಟಿಲ್ಲ. 2025ರ ಜುಲೈ ಮೊದಲ ವಾರ ಎರಡು ಚಿನ್ ಗುಂಪುಗಳೇ ಆ ಪ್ರದೇಶದ ಹಿಡಿತಕ್ಕಾಗಿ ಹೊಡೆದಾಡಿದವು, ಮತ್ತೆ ಸಾವಿರಾರು ಜನ ಈಚೆ ಬಂದರು. ಮ್ಯಾನ್ಮಾರ್ ಸೇನೆಗೂ ಆ ಗುಂಡಿನ ಚಕಮಕಿಗೂ ನೇರ ಸಂಬಂಧವೇ ಇರಲಿಲ್ಲ.

ದೆಹಲಿಗೆ ಈ ಪಡೆಗಳ ಜೊತೆ ಬಹಿರಂಗವಾಗಿ ಮಾತಾಡುವುದು ಕಷ್ಟ. ಅಧಿಕೃತ ಸಂಬಂಧ ಇರುವುದು ಮ್ಯಾನ್ಮಾರ್ ರಾಜಧಾನಿ ನೇಪಿಡಾದಲ್ಲಿ ಸೇನೆಯ ಹಿಡಿತದಲ್ಲಿರುವ ಸರ್ಕಾರದ ಜೊತೆ. ಹಾಗಾಗಿ ಆ ಕೆಲಸ ಮಿಜೋರಾಂನ ಹೆಗಲಿಗೆ ಬಿದ್ದಿದೆ. 2025ರ ಫೆಬ್ರವರಿಯಲ್ಲಿ ಎರಡು ಚಿನ್ ರಾಜಕೀಯ ಬಣಗಳು ಒಂದಾಗುವ ಒಪ್ಪಂದಕ್ಕೆ ಸಹಿ ಹಾಕಿದ್ದು ಐಜ್ವಾಲ್‌ನಲ್ಲಿ, ಮುಖ್ಯಮಂತ್ರಿ ಲಾಲ್ದುಹೋಮ ಅವರ ಎದುರು. ಒಂದು ರಾಜ್ಯದ ಮುಖ್ಯಮಂತ್ರಿ ಮಾಡೋ ಕೆಲಸವಾ ಇದು ಅಂತ ಕೇಳಬಹುದು. ಬೇರೆ ಯಾರು ಮಾಡುತ್ತಿದ್ದರು ಅಂತಲೂ ಕೇಳಬೇಕು, ಅಲ್ವಾ?

ದೆಹಲಿಯ ಆತಂಕ ಸುಳ್ಳಲ್ಲ

ಬೇಲಿಯ ಮಾತು ಹುಟ್ಟಿದ್ದು ಮಿಜೋರಾಂನಲ್ಲಿ ಅಲ್ಲ, ಮಣಿಪುರದಲ್ಲಿ. 2023ರ ಮೇ 3ರಿಂದ ಅಲ್ಲಿ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ಹಿಂಸೆ ಭುಗಿಲೆದ್ದಿತು. ಗಡಿ ತೆರೆದಿರುವುದರಿಂದಲೇ ಮ್ಯಾನ್ಮಾರ್‌ನಿಂದ ಜನ, ಬಂದೂಕು, ಮಾದಕ ವಸ್ತು ಬರುತ್ತಿದೆ ಅನ್ನೋದು ಆಗಿನ ಮುಖ್ಯಮಂತ್ರಿ ಬಿರೇನ್ ಸಿಂಗ್ ಅವರ ವಾದ. ಮೈತೇಯಿ ಸಂಘಟನೆಗಳು ಬೇಲಿ ಬೇಕು ಅನ್ನುತ್ತವೆ. ಕುಕಿ ಮತ್ತು ನಾಗಾ ಸಂಘಟನೆಗಳು ಬೇಡ ಅನ್ನುತ್ತವೆ. ಬೇರೆ ಯಾವ ವಿಷಯದಲ್ಲೂ ಒಂದಾಗದ ಕುಕಿ, ನಾಗಾಗಳು ಇದೊಂದರಲ್ಲಿ ಒಂದೇ ಕಡೆ ನಿಂತಿರುವುದು ಗಮನಿಸಬೇಕಾದ ಸಂಗತಿ.

ಮಾದಕ ವಸ್ತುವಿನ ಮಾತು ಇನ್ನೂ ಗಟ್ಟಿ. 2023ರಲ್ಲಿ ಅಫ್ಘಾನಿಸ್ತಾನವನ್ನು ಹಿಂದಿಕ್ಕಿ ಮ್ಯಾನ್ಮಾರ್ ಜಗತ್ತಿನಲ್ಲೇ ಅತಿ ಹೆಚ್ಚು ಅಫೀಮು ಬೆಳೆಯುವ ದೇಶವಾಯಿತು ಅಂತ ವಿಶ್ವಸಂಸ್ಥೆಯ ವರದಿ ಹೇಳಿದೆ. ಜೋಖಾವ್ತಾರ್ ಹೆಸರು ಪತ್ರಿಕೆಯಲ್ಲಿ ಬಂದರೆ ಹತ್ತರಲ್ಲಿ ಎಂಟು ಸಲ ಅದು ಹೆರಾಯಿನ್ ಇಲ್ಲವೇ ಮೆಥ್ ಮಾತ್ರೆ ಹಿಡಿದ ಸುದ್ದಿಯೇ ಅನ್ನಿಸುವಷ್ಟು ಆಗಿದೆ. ಹೆರಾಯಿನ್ ಬರುವುದು ಬಹಳ ಸಲ ಸೋಪಿನ ಡಬ್ಬಿಯಲ್ಲಿ. ಪೊಲೀಸರು ಲೆಕ್ಕ ಬರೆಯುವುದೂ ಇಷ್ಟು ಸೋಪ್ ಡಬ್ಬಿ ಅಂತಲೇ. ಇದರ ಪೆಟ್ಟು ಮೊದಲು ಬೀಳುವುದು ಮಿಜೋ ಯುವಕರಿಗೆ. ಹಾಗಾಗಿ 'ಗಡಿ ಹಾಗೇ ಇರಲಿ, ಏನೂ ಮಾಡಬೇಡಿ' ಅನ್ನೋದು ಉತ್ತರ ಆಗೋದಿಲ್ಲ.

ಇದಕ್ಕೆ ಬೇಲಿ ಮದ್ದಾ ಅನ್ನೋದು ಬೇರೆ ಪ್ರಶ್ನೆ. ಮೆಥ್ ಮಾತ್ರೆ ಬಿಡಿ, ಅದು ಜೇಬಿನಲ್ಲಿ ಹೋಗುವ ಸಾಮಾನು. ನಮಗೆ ಚೆನ್ನಾಗಿ ಗೊತ್ತಿರುವ ಸಾಮಾನನ್ನೇ ತೆಗೆದುಕೊಳ್ಳೋಣ.

ಅಡಿಕೆ ಹೇಳುವ ಕಥೆ

ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಬೆಳೆಗಾರರಿಗೆ 'ಬರ್ಮಾ ಅಡಿಕೆ' ಅನ್ನೋ ಹೆಸರು ಹೊಸದಲ್ಲ. ಬೆಲೆ ಬಿದ್ದಾಗಲೆಲ್ಲ ಬೈಗುಳ ಮೊದಲು ಅದಕ್ಕೇ. ಅಡಿಕೆ ಆಮದಿಗೆ ಶೇಕಡಾ 100 ಸುಂಕ ಇದೆ. ಮೇಲಿಂದ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಬೆಳೆಗಾರರ ಕೇಳಿಕೆ ಅದಾಗಿತ್ತು, ಸರ್ಕಾರ ಕೊಟ್ಟಿತು. ಆದರೆ ಗೋಡೆ ಎತ್ತರವಾದಷ್ಟೂ ಕಳ್ಳದಾರಿಯ ಲಾಭವೂ ಏರುತ್ತದೆ. ಸುಂಕ ಕಟ್ಟದೆ ಒಳಗೆ ಬಂದ ಒಂದೊಂದು ಚೀಲಕ್ಕೂ ಆ ವ್ಯತ್ಯಾಸ ಪೂರ್ತಿ ಕಳ್ಳಸಾಗಣೆದಾರನ ಪಾಲು. ಬರ್ಮಾ ಹೆಸರಿನಲ್ಲಿ ಬರುವುದರಲ್ಲಿ ಇಂಡೋನೇಷ್ಯಾದ ಅಡಿಕೆಯೂ ಇದೆ ಅನ್ನುವ ದೂರು ಬಹಳ ಕಾಲದಿಂದ ಇದೆ.

ಆ ಅಡಿಕೆ ಬರುವ ದಾರಿಗಳಲ್ಲಿ ಚಂಫಾಯ್ ಜಿಲ್ಲೆಯೂ ಒಂದು. ಈಗ ಸ್ವಲ್ಪ ಯೋಚನೆ ಮಾಡಿ. ಅಡಿಕೆಯನ್ನು ಯಾರೂ ಸೋಪಿನ ಡಬ್ಬಿಯಲ್ಲಿ ತರುವುದಿಲ್ಲ. ಲಾಭ ಬರಬೇಕಾದರೆ ಲಾರಿಗಟ್ಟಲೆ ಸಾಗಿಸಬೇಕು. ಹೊಳೆ ದಾಟಿಸುವಾಗ ತಲೆಹೊರೆಯಲ್ಲೋ ಬೈಕಿನಲ್ಲೋ ಬರಬಹುದು. ಆದರೆ ಈಚೆ ಬಂದ ಮೇಲೆ ಚಂಫಾಯ್, ಐಜ್ವಾಲ್ ದಾಟಿ ಅಸ್ಸಾಂ ಕಡೆ ಹೋಗಲೇಬೇಕು. ಬೆಟ್ಟದ ನಾಡಿನಲ್ಲಿ ಲಾರಿ ಹೋಗುವ ರಸ್ತೆ ಎಷ್ಟಿರುತ್ತದೆ? ಆ ರಸ್ತೆಯ ಮೇಲೆ ಒಂದರ ಹಿಂದೆ ಒಂದು ತಪಾಸಣಾ ಠಾಣೆ ಇವೆ. ಲಾರಿ ಅವನ್ನೆಲ್ಲ ದಾಟಿ ಬಯಲು ಸೀಮೆ ಮುಟ್ಟುತ್ತದೆ ಅಂದರೆ, ಅದು ಬೇಲಿ ಇಲ್ಲದ್ದರ ಸಮಸ್ಯೆಯಲ್ಲ. ಠಾಣೆಯಲ್ಲಿ ಕೈ ಬೆಚ್ಚಗಾದದ್ದರ ಸಮಸ್ಯೆ.

ಇದರ ಪೆಟ್ಟು ತಿಂದವರು ಮಿಜೋರಾಂನಲ್ಲೇ ಇದ್ದಾರೆ. ಅಸ್ಸಾಂ ಗಡಿಗೆ ಹತ್ತಿರದ ಮಾಮಿತ್, ಕೋಲಾಸಿಬ್ ಜಿಲ್ಲೆಗಳಲ್ಲಿ ಜನ ಅಡಿಕೆ ಬೆಳೆಯುತ್ತಾರೆ. ಬರ್ಮಾ ಅಡಿಕೆ ಇರಬಹುದು ಅನ್ನೋ ಗುಮಾನಿಯಲ್ಲಿ ಅಸ್ಸಾಂ ಪೊಲೀಸರು ಲಾರಿಗಳನ್ನು ತಡೆದಾಗ, ಅವರ ಸ್ವಂತ ತೋಟದ ಅಡಿಕೆಯೂ ಗಡಿಯಲ್ಲಿ ಸಿಕ್ಕಿಹಾಕಿಕೊಂಡಿತು. ಅವರು ಬೀದಿಗಿಳಿದರು. ಬರ್ಮಾ ಅಡಿಕೆಯ ವಿರುದ್ಧ ತೀರ್ಥಹಳ್ಳಿಯ ಬೆಳೆಗಾರನಿಗೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ಮಿಜೋ ಬೆಳೆಗಾರನಿಗೂ ಇದೆ. ಈ ಇಬ್ಬರೂ ಒಂದೇ ಕಡೆ ಇದ್ದಾರೆ ಅನ್ನೋದು ನಮ್ಮ ಕಡೆಯ ಚರ್ಚೆಯಲ್ಲಿ ಬರುವುದೇ ಇಲ್ಲ.

ನೀತಿಯ ತಪ್ಪು ಇಲ್ಲಿ ಎದ್ದು ಕಾಣುತ್ತದೆ. ಲಾರಿಯ ಸಮಸ್ಯೆಗೆ ಕಾಲ್ನಡಿಗೆಯವರನ್ನು ಹಿಡಿದು ನಿಲ್ಲಿಸುತ್ತಿದ್ದಾರೆ.

ಹತ್ತು ಕಿಲೋಮೀಟರ್, ಏಳು ದಿನ

ಮುಕ್ತ ಸಂಚಾರ ರದ್ದು ಅಂತ ಹೇಳಿದರೂ ಅದು ಪೂರ್ತಿ ಹೋಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ಗೃಹ ಸಚಿವಾಲಯ ಹೊಸ ಮಾರ್ಗಸೂಚಿ ತಂದಿತು. 16 ಕಿಲೋಮೀಟರ್ ಇದ್ದದ್ದು 10 ಆಯಿತು. ಇಡೀ ಗಡಿಯಲ್ಲಿ 43 ಕಡೆ ಮಾತ್ರ ದಾಟಬಹುದು. ಪಾಸು ಕೊಡೋದು ಅಸ್ಸಾಂ ರೈಫಲ್ಸ್. ಬರುವವರ ಫೋಟೋ, ಬೆರಳಚ್ಚು ತೆಗೆದುಕೊಂಡು ಕ್ಯೂಆರ್ ಕೋಡ್ ಇರುವ ಪಾಸು ಕೊಡುತ್ತಾರೆ. ಒಂದು ಸಲಕ್ಕೆ ಒಂದು ಪಾಸು, ಏಳು ದಿನ ಮಾತ್ರ. ಬಂದ ಗೇಟಿನಲ್ಲೇ ವಾಪಸು ಹೋಗಿ ಪಾಸು ಒಪ್ಪಿಸಬೇಕು.

ಕಾಗದದ ಮೇಲೆ ಇದು ಅಷ್ಟೇನೂ ಕೆಟ್ಟದಲ್ಲ. ಯಾರು ಬಂದರು, ಯಾರು ಹೋದರು ಅನ್ನೋ ಲೆಕ್ಕ ಇಡೋದು ಯಾವ ದೇಶಕ್ಕಾದರೂ ಬೇಕು. ತೊಡಕು ಬೇರೆ ಕಡೆ ಇದೆ. ಆಚೆಯಿಂದ ಬರುವವನು ತಾನು ಗಡಿಯಿಂದ ಹತ್ತು ಕಿಲೋಮೀಟರ್ ಒಳಗಿನವನು ಅಂತ ತೋರಿಸಬೇಕು. ಸರ್ಕಾರದ ಕಚೇರಿಯೇ ಇಲ್ಲದ ಕಡೆ ಆ ಕಾಗದಕ್ಕೆ ಯಾರು ಮುದ್ರೆ ಒತ್ತುತ್ತಾರೆ? ಬಂಡುಕೋರರ ಮುದ್ರೆಯನ್ನು ಅಸ್ಸಾಂ ರೈಫಲ್ಸ್ ಒಪ್ಪಿಕೊಂಡರೆ ಅವರನ್ನು ಅರ್ಧ ಸರ್ಕಾರ ಅಂತ ಒಪ್ಪಿದ ಹಾಗೆ. ಒಪ್ಪದಿದ್ದರೆ ಗೇಟು ಮುಚ್ಚಿದ ಹಾಗೆ.

ಬೆಟ್ಟದ ದೂರವೂ ಬಯಲಿನ ದೂರದಂತಲ್ಲ. ಜೋಖಾವ್ತಾರ್‌ನಿಂದ ಚಂಫಾಯ್‌ಗೆ ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್. ಹಕ್ಕಿ ಹಾರಿದರೆ ತುಂಬ ಕಡಿಮೆ. ಹತ್ತು ಕಿಲೋಮೀಟರ್ ಅನ್ನೋದನ್ನು ನಕ್ಷೆಯಲ್ಲಿ ಅಳೆದರೆ ಒಂದು ಊರು ಒಳಗೆ ಬರುತ್ತದೆ, ರಸ್ತೆಯಲ್ಲಿ ಅಳೆದರೆ ಹೊರಗೆ ಉಳಿಯುತ್ತದೆ. ಹೇಗೆ ಅಳೆದರೂ ದೊಡ್ಡ ಆಸ್ಪತ್ರೆಗಳಿರುವ ಐಜ್ವಾಲ್ ಮಾತ್ರ ದೂರದ ಮಾತೇ. ಹೆರಿಗೆ ಕಷ್ಟವಾದ ಹೆಂಗಸನ್ನು ಆಚೆಯಿಂದ ಕರೆತಂದರೆ ಏಳು ದಿನದ ಪಾಸು, ಹತ್ತು ಕಿಲೋಮೀಟರ್‌ನ ಮಿತಿ ಎರಡೂ ಸಾಲುವುದಿಲ್ಲ. ಆಗ ಏನಾಗುತ್ತದೆ? ಗೇಟಿನಲ್ಲಿರುವ ಯೋಧ ಕಣ್ಣುಮುಚ್ಚಿ ಬಿಡುತ್ತಾನೆ, ಇಲ್ಲವೇ ಜನ ಕತ್ತಲಲ್ಲಿ ಹೊಳೆಗಿಳಿಯುತ್ತಾರೆ. ಎರಡರಲ್ಲಿ ಯಾವುದಾದರೂ ಲೆಕ್ಕ ತಪ್ಪಿತು, ಲೆಕ್ಕಕ್ಕಾಗಿಯೇ ಪಾಸು ತಂದಿದ್ದು.

ಬೇಲಿಯದ್ದು ಇನ್ನೊಂದು ಪೇಚು. ಹೊಳೆಯೇ ಗಡಿಯಾದರೆ ಹೊಳೆಯ ಮಧ್ಯೆ ಕಂಬ ನೆಡೋಕೆ ಆಗೋದಿಲ್ಲ. ಬೇಲಿ ನಮ್ಮ ದಡದಲ್ಲಿ, ಒಳಗೆ ಸರಿದು ನಿಲ್ಲಬೇಕು. ಬಾಂಗ್ಲಾದೇಶದ ಗಡಿಯಲ್ಲಿ ಹೀಗೇ ಆಗಿದೆ. ಅಲ್ಲಿ ಗಡಿರೇಖೆಯಿಂದ 150 ಗಜ ಒಳಗೆ ಬೇಲಿ ಹಾಕಿದ್ದರಿಂದ ಎಷ್ಟೋ ಭಾರತೀಯರ ಮನೆ, ಗದ್ದೆಗಳು ಬೇಲಿಯಾಚೆ ಉಳಿದವು. ಸ್ವಂತ ಗದ್ದೆಗೆ ಹೋಗೋಕೆ ಗೇಟು ತೆಗೆಯುವ ಹೊತ್ತು ಕಾಯಬೇಕು. ತಿಯಾವ್ ದಂಡೆಯಲ್ಲಿ ಸಪಾಟು ಜಾಗ ಇರುವುದೇ ಕಡಿಮೆ. ಇರುವಲ್ಲೆಲ್ಲ ಜನ ಗದ್ದೆ ಮಾಡಿದ್ದಾರೆ, ನೀರಿಗೆ ಹೊಳೆಯನ್ನೇ ನಂಬಿದ್ದಾರೆ. ಬೇಲಿ ಮತ್ತು ಗಡಿ ರಸ್ತೆಗೆ ಸುಮಾರು 31,000 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿದೆ. ಮೊದಲು ಬೇಲಿ ಎದ್ದದ್ದು ಮೋರೆಯ ಹತ್ತಿರ, ಹತ್ತು ಕಿಲೋಮೀಟರ್‌ನಷ್ಟು. ನಾಗಾಲ್ಯಾಂಡ್‌ನ ಲೋಂಗ್ವಾದಲ್ಲಿ ಗಡಿಗೆರೆ ಊರ ಮುಖ್ಯಸ್ಥನ ಮನೆಯ ಮೇಲೇ ಹಾದುಹೋಗುತ್ತದೆ. ಅಲ್ಲಿ ಬೇಲಿ ಯಾವ ಕೋಣೆಯಲ್ಲಿ ಬರುತ್ತದೋ ಕಾದು ನೋಡಬೇಕು.

ಊರು ಕೂಡ ಗಡಿ ಹಾಕುತ್ತದೆ

ಇಷ್ಟು ಹೇಳಿದ ಮೇಲೆ ಜೋಖಾವ್ತಾರ್‌ನ ಜನರನ್ನು ದೇವರ ಪಟ್ಟಕ್ಕೆ ಏರಿಸುವ ಆಸೆ ಬರುತ್ತದೆ. ಅವರು ನಿಜಕ್ಕೂ ದೊಡ್ಡ ಕೆಲಸ ಮಾಡಿದ್ದಾರೆ. ಸರ್ಕಾರ ಕೈಚೆಲ್ಲಿದಾಗ ಅಕ್ಕಿ ಒಟ್ಟು ಮಾಡಿದ್ದು, ಶಿಬಿರಕ್ಕೆ ಬಿದಿರು ಕಡಿದು ತಂದದ್ದು ಚರ್ಚುಗಳು ಮತ್ತು ಯಂಗ್ ಮಿಜೋ ಅಸೋಸಿಯೇಷನ್. ಜನ ವೈಎಂಎ ಅನ್ನುತ್ತಾರೆ. 1935ರಲ್ಲಿ ಹುಟ್ಟಿದ ಈ ಸಂಘ ಸಾವಿನ ಮನೆಯಲ್ಲಿ ಗುಂಡಿ ತೋಡೋದರಿಂದ ಹಿಡಿದು ಕಾಣೆಯಾದವರನ್ನು ಹುಡುಕೋದರವರೆಗೆ ಎಲ್ಲದಕ್ಕೂ ಮುಂದೆ. ನಿರಾಶ್ರಿತರ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ರಾಜ್ಯ ಸರ್ಕಾರ 2021ರಲ್ಲೇ ಹೇಳಿತು.

ಆದರೆ ಇದೇ ವೈಎಂಎ 2003ರಲ್ಲಿ ಸಾವಿರಾರು ಚಿನ್ ಜನರನ್ನು ಮಿಜೋರಾಂನಿಂದ ಹೊರಗೆ ಓಡಿಸಿತ್ತು. ಒಂದು ಪುಟ್ಟ ಹುಡುಗಿಯ ಮೇಲಿನ ಅತ್ಯಾಚಾರದ ಆರೋಪ ಬರ್ಮಾದವನೊಬ್ಬನ ಮೇಲೆ ಬಂದದ್ದೇ ನೆಪ. ಆಗ 'ರಕ್ತ ಸಂಬಂಧ' ಯಾರಿಗೂ ನೆನಪಾಗಲಿಲ್ಲ. ಈಗಲೂ ಎಲ್ಲ ಸುಸೂತ್ರ ಅಂತಲ್ಲ. ನಿರಾಶ್ರಿತರು ಅಂಗಡಿ ಹಾಕಬಾರದು, ಹೇಳದೆ ಊರು ಬಿಟ್ಟು ಹೋಗಬಾರದು ಅಂತ ಗಡಿಯ ಕೆಲವು ಗ್ರಾಮಗಳು ಕಟ್ಟಳೆ ಮಾಡಿವೆ. ನಾಲ್ಕು ವರ್ಷಕ್ಕೂ ಮೇಲೆ ನೆಂಟರನ್ನು ಸಾಕಿದ ಮನೆಯ ಸುಸ್ತು ಅದು. ನೆಂಟರಲ್ಲದವರಿಗಂತೂ ಈ ಆತಿಥ್ಯ ಸಿಗುವುದು ಕಷ್ಟ. ಮಿಜೋರಾಂನ ಅಲ್ಪಸಂಖ್ಯಾತರಾದ ಚಕ್ಮಾ, ಬ್ರೂ ಜನರನ್ನು ಕೇಳಿದರೆ ಬೇರೆಯದೇ ಕಥೆ ಹೇಳುತ್ತಾರೆ.

ಇನ್ನೊಂದು ತಮಾಷೆ. ಕರ್ನಾಟಕದಿಂದ ಜೋಖಾವ್ತಾರ್ ನೋಡೋಕೆ ಹೊರಟರೆ ನಮಗೆ ಇನ್ನರ್ ಲೈನ್ ಪರ್ಮಿಟ್, ಅಂದರೆ ಹೊರ ರಾಜ್ಯದವರು ಮಿಜೋರಾಂ ಒಳಗೆ ಹೋಗೋಕೆ ಅನುಮತಿ ಚೀಟಿ, ಬೇಕು. 1873ರ ಬ್ರಿಟಿಷ್ ಕಾಯ್ದೆಯಿಂದ ಬಂದ ಪದ್ಧತಿ ಅದು. ಅದು ಇರಲೇಬೇಕು ಅಂತ ಹಟ ಹಿಡಿಯುವವರೂ ಮಿಜೋಗಳೇ. ಅಂದರೆ ಅವರು ಗಡಿಯನ್ನೇ ಬೇಡ ಅನ್ನುವವರಲ್ಲ. ಅವರ ಗಡಿ ಬೇರೆ ಕಡೆ ಇದೆ, ಅಷ್ಟೇ. ಪೂರ್ವಕ್ಕೆ ತೆರೆದಿದೆ, ಪಶ್ಚಿಮಕ್ಕೆ ಮುಚ್ಚಿದೆ. ದೆಹಲಿಗೆ ಬೇಕಾದದ್ದು ಸರಿಯಾಗಿ ಇದರ ಉಲ್ಟಾ.

ಇದನ್ನು ಟೀಕೆಯಾಗಿ ಹೇಳುತ್ತಿಲ್ಲ. ನೀತಿ ಮಾಡುವವರಿಗೆ ಇದರಲ್ಲಿ ಒಂದು ಉಪಯೋಗ ಇದೆ. ಯಾರು ನಮ್ಮವರು, ಯಾರು ಹೊರಗಿನವರು, ಯಾವ ಮನೆಗೆ ಯಾರು ಬಂದಿದ್ದಾರೆ ಅನ್ನೋದನ್ನು ಈ ಸಮಾಜ ಬಹಳ ಕಟ್ಟುನಿಟ್ಟಾಗಿ ಗಮನಿಸುತ್ತದೆ. ಗ್ರಾಮ ಪರಿಷತ್ತಿನವರಿಗೆ ಗೊತ್ತಿಲ್ಲದೆ ಜೋಖಾವ್ತಾರ್‌ನಲ್ಲಿ ಒಬ್ಬ ಹೊಸಬ ಒಂದು ವಾರ ಇರೋದು ಕಷ್ಟ. ಕ್ಯೂಆರ್ ಕೋಡ್ ಹೇಳಲಾಗದ್ದನ್ನು ಅವರು ಹೇಳಬಲ್ಲರು. 2025ರ ಮಧ್ಯಭಾಗದಿಂದ ಮಿಜೋರಾಂ ಸರ್ಕಾರ ನಿರಾಶ್ರಿತರ ಬೆರಳಚ್ಚು ದಾಖಲಿಸಲು ಶುರು ಮಾಡಿದೆ. ಹಿಂದಿನ ಸರ್ಕಾರ ಇದಕ್ಕೆ ಒಪ್ಪಿರಲಿಲ್ಲ. ಈಗ ಒಪ್ಪಿದ್ದು ಸಣ್ಣ ಬದಲಾವಣೆಯಲ್ಲ. ಈ ದಾಖಲೆ ವಾಪಸು ಕಳಿಸೋಕೆ ಮಾಡಿದ ಪಟ್ಟಿಯಾಗುತ್ತದಾ, ಇಲ್ಲಿರುವಷ್ಟು ದಿನ ಗುರುತಿನ ಕಾಗದವಾಗುತ್ತದಾ ಅನ್ನೋದೇ ಶಿಬಿರಗಳಲ್ಲಿರುವ ಭಯ. ಅದನ್ನು ಕೇಂದ್ರ ಬಾಯಿಬಿಟ್ಟು ಹೇಳಿದರೆ ಅರ್ಧ ಗಲಿಬಿಲಿ ಕಡಿಮೆಯಾಗುತ್ತದೆ.

ಒಂದೇ ಅಳತೆಯ ಅಂಗಿ ಯಾಕೆ?

1,643 ಕಿಲೋಮೀಟರ್ ಗಡಿಯಲ್ಲಿ ಅರುಣಾಚಲ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ನಾಲ್ಕೂ ಇವೆ. ಮಿಜೋರಾಂ ಪಾಲು 510 ಕಿಲೋಮೀಟರ್. ಮಣಿಪುರದಲ್ಲಿ ಗಡಿಯ ಜನರೇ ಎರಡಾಗಿದ್ದಾರೆ, ಆಚೆ ಕಡೆಯ ಕೆಲವು ಪಟ್ಟಣಗಳಲ್ಲಿ ಮ್ಯಾನ್ಮಾರ್ ಸೇನೆ ಇನ್ನೂ ಇದೆ. ಮಿಜೋರಾಂನಲ್ಲಿ ಈಚೆಯವರು ಒಂದಾಗಿದ್ದಾರೆ, ಆಚೆ ಸರ್ಕಾರ ಇಲ್ಲ. ಎರಡಕ್ಕೂ ಒಂದೇ ನಿಯಮ ಹಾಕೋದು ದೆಹಲಿಯ ಅನುಕೂಲ, ಗಡಿಯದ್ದಲ್ಲ.

ನನಗೆ ತೋಚುವುದು ಇಷ್ಟು. ಮಿಜೋರಾಂ ಭಾಗಕ್ಕೆ ಪಾಸು ಇರಲಿ, ಬೆರಳಚ್ಚೂ ಇರಲಿ. ಆದರೆ ಆಚೆಯವರ ವಿಳಾಸಕ್ಕೆ ಈಚೆಯ ಗ್ರಾಮ ಪರಿಷತ್ತಿನ ಸಾಕ್ಷಿಯನ್ನು ಒಪ್ಪಲಿ. ಹಾಗೆ ಮಾಡಿದರೆ ಯಾವ ಬಂಡುಕೋರರ ಮುದ್ರೆಯನ್ನೂ ಮುಟ್ಟಬೇಕಾಗಿಲ್ಲ. ಆಸ್ಪತ್ರೆಗೆ ಹೋಗುವವರಿಗೆ ಹತ್ತು ಕಿಲೋಮೀಟರ್ ಮಿತಿ ಬೇಡ, ವೈದ್ಯರ ಚೀಟಿಯೇ ಪಾಸಾಗಲಿ. ಬೇಲಿಗೆ ಇಟ್ಟ ಹಣದಲ್ಲಿ ಒಂದು ಪಾಲು ಚಂಫಾಯ್‌ನಿಂದ ಅಸ್ಸಾಂವರೆಗಿನ ರಸ್ತೆಯ ಠಾಣೆಗಳಿಗೆ ಹೋಗಲಿ. ಲಾರಿ ಸ್ಕ್ಯಾನ್ ಮಾಡುವ ಯಂತ್ರ ಬರಲಿ, ಠಾಣೆಯವರನ್ನು ಆಗಾಗ ಬದಲಿಸಲಿ, ಹಿಡಿದ ಅಡಿಕೆ ಎಲ್ಲಿಗೆ ಹೋಯಿತು ಅನ್ನೋ ಲೆಕ್ಕ ಎಲ್ಲರಿಗೂ ಕಾಣುವಂತಿರಲಿ. ತೀರ್ಥಹಳ್ಳಿಗೂ ಮಾಮಿತ್‌ಗೂ ಬೇಕಾದದ್ದು ಅದು.

ಇದರಲ್ಲಿ ಅಪಾಯ ಇಲ್ಲವಾ? ಇದೆ. ಗ್ರಾಮ ಪರಿಷತ್ತಿನವರು ನೆಂಟರಿಗೆ ಸುಳ್ಳು ಸಾಕ್ಷಿ ಕೊಡಬಹುದು, 2003ರಂತೆ ಊರೇ ತಿರುಗಿಬಿದ್ದು ನಿಜವಾದವರಿಗೂ ಸಾಕ್ಷಿ ನಿರಾಕರಿಸಬಹುದು. ಅದಕ್ಕೆ ಮೇಲ್ಮನವಿ ಕೇಳೋಕೆ ಚಂಫಾಯ್‌ನಲ್ಲಿ ಜಿಲ್ಲಾಧಿಕಾರಿ ಇದ್ದಾರೆ. ಹೊಳೆಯ ಆಚೆ ಸದ್ಯಕ್ಕೆ ಅಂಥ ಯಾರೂ ಇಲ್ಲ, ಇನ್ನೂ ಕೆಲವು ವರ್ಷ ಇರುವ ಲಕ್ಷಣವೂ ಕಾಣುವುದಿಲ್ಲ.